ಅಂಚಿನ ಪೆನ್ಸಿಲ್ಲು

ಹನ್ನೆರಡು ಆಕರ, ಒಂದೊಂದಕ್ಕೂ ನೂರೈವತ್ತು ಪದದ ಟಿಪ್ಪಣಿ,
ಶುಕ್ರವಾರ ಸಂಜೆ ಐದರೊಳಗೆ.
ಬರೆದವರು ಯಾರು, ನಂಬಬಹುದೆ, ನಿನಗೇನು ಉಪಯೋಗ,
ಮೂರೇ ಪ್ರಶ್ನೆ ಹಲಗೆಯ ಮೇಲೆ ಬಿಟ್ಟು
ಸ್ನೆಲ್‌ಗ್ರೋವ್ ಮೇಷ್ಟ್ರು ಕಾಫಿಗೆ ಹೋದರು.

ನನ್ನ ವಿಷಯ: ಕಾಡ್ ಮೀನು ಮುಗಿದದ್ದು ಹೇಗೆ.
ನ್ಯೂಫೌಂಡ್‌ಲ್ಯಾಂಡಿನಲ್ಲಿ ಹುಟ್ಟಿದವಳು
ಬೇರೇನು ಬರೆದಾಳು ಎಂದು ಗ್ಲೆಂಡಾಲಿನ್ ನಗುತ್ತಾಳೆ.
ಅವಳದ್ದು ಜೇನುಹುಳು. ಹಾಸಿಗೆ ಬಿಟ್ಟೇಳದೆ
ಲ್ಯಾಪ್‌ಟಾಪಿನಲ್ಲೇ ಹದಿನೇಳು ಆಕರ ಹಿಡಿದಿದ್ದಾಳೆ.

ನಾನು ನೆಲಮಾಳಿಗೆಗೆ ಇಳಿದೆ.
ಹಸಿದ ಹೊಟ್ಟೆಯ ಹಾಗೆ ಗುಡುಗುಡು ಅನ್ನುವ ಕೊಳವೆಗಳ ಕೆಳಗೆ
ಹಸಿರು ರಟ್ಟಿನ ಸರ್ಕಾರಿ ವರದಿ, ಇಸವಿ ಎಂಬತ್ತಾರು.
ಪುಟ ನೂರಾ ಹನ್ನೆರಡು. ಅಚ್ಚಿನ ಸಾಲು:
"ದಾಸ್ತಾನು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ."
ಪಕ್ಕದಲ್ಲಿ, ಅಂಚಿನಲ್ಲಿ, ಪೆನ್ಸಿಲ್ಲು:
"ಇಲ್ಲ. ಬಲೆಗೆ ಅಂಗೈಯುದ್ದದವು ಬರುತ್ತಿವೆ."

ಹದಿನೆಂಟು ಪುಟ ದಾಟಿದರೆ ಮತ್ತೆ:
"ದೊಡ್ಡ ಹಡಗಿನ ಲೆಕ್ಕ ತಗೊಂಡಿರಿ. ನಮ್ಮ ದೋಣಿ ಕೇಳಿದಿರಾ?"
ಇನ್ನೊಂದು ಕಡೆ ಮಾತಿಲ್ಲ, ಬರೀ ಗೀಟು,
ಕಾಗದ ಹರಿಯುವಷ್ಟು ಒತ್ತಿ.

ಅಕ್ಷರ ದೊಡ್ಡವು, ಬಿಡಿಬಿಡಿ,
ಪೆಟ್ಟಿಗೆಯ ಮೇಲೆ ತೂಕ ಬರೆದು ರೂಢಿಯಾದ ಕೈ.
ಹೆಸರಿಲ್ಲ.
ಹಿಂದಿನ ಚೀಟಿಯಲ್ಲಿ ಕೊನೆಯ ಮುದ್ರೆ ಮಾರ್ಚ್ ತೊಂಬತ್ತೊಂದು.
ಕಡಲು ಮುಚ್ಚಿದ್ದು ಮರುವರ್ಷದ ಜುಲೈ.
ಬೆರಳು ಮಡಿಸಿ ಎಣಿಸಿದೆ, ಹದಿನಾರು ತಿಂಗಳು.
ನಾನಿನ್ನೂ ಹುಟ್ಟಿರಲಿಲ್ಲ.

ಏಳನೆಯ ಆಕರ. ಬರೆದವರು: ಇಲಾಖೆಯ ಐವರು ವಿಜ್ಞಾನಿಗಳು.
ನಂಬಬಹುದೆ: ಕೋಷ್ಟಕ ಮೂವತ್ತೊಂದು, ನಕ್ಷೆ ಒಂಬತ್ತು,
ಹುಡುಕಿದರೂ ಒಂದು ಕಾಗುಣಿತ ತಪ್ಪಿಲ್ಲ.
ಉಪಯೋಗ: ಈ ವರದಿಗಿಂತ ಇದರ ಅಂಚು ಹೆಚ್ಚು.
ಅಚ್ಚನ್ನು ಓದಿದೆ, ಪೆನ್ಸಿಲ್ಲನ್ನು ನಂಬಿದೆ.

ಮೇಷ್ಟ್ರು ಕೆಂಪಿನಲ್ಲಿ ಎರಡು ಅಂಕ ಕಿತ್ತರು.
"ಊರು ಹೆಸರಿಲ್ಲದ ಗೀಚು ಆಕರವಲ್ಲ."
ಚೀಟಿ, ಮುದ್ರೆ, ಹದಿನಾರು ತಿಂಗಳು ಅಂದೆ.
"ಆಮೇಲೆ ಯಾರೋ ಇಲ್ಲೇ ಕೂತು ಬರೆದಿರಬಹುದಲ್ಲ?
ಎಲ್ಲ ಮುಗಿದ ಮೇಲೆ ಎಲ್ಲರೂ ಜಾಣರೇ."

ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.
ಕಾರಿಡಾರಿನ ತುದಿಯ ತನಕ ನಡೆದೆ,
ನಲ್ಲಿಯಲ್ಲಿ ನೀರು ಕುಡಿದೆ, ತಿರುಗಿ ಬಂದೆ.
"ಕ್ರಿಯಾಪದ ನೋಡಿ ಸರ್.
ಬರುತ್ತಿದ್ದವು ಅಲ್ಲ, ಬರುತ್ತಿವೆ.
ಮುಗಿದದ್ದನ್ನು ಯಾರು ಹಾಗೆ ಬರೆಯುತ್ತಾರೆ?"

ಅವರು ಕನ್ನಡಕ ತೆಗೆದು ಒರೆಸಿದರು,
ಹಾಕಿಕೊಳ್ಳದೆ ಬಹಳ ಹೊತ್ತು ಹಾಗೇ ಕೂತರು.
ಅಂಕ ಮಾತ್ರ ವಾಪಸು ಬರಲಿಲ್ಲ.

ಲೈಬ್ರರಿಯಲ್ಲಿ ಮಿಸೆಸ್ ಕೀಟಿಂಗ್,
ಕೈಯಲ್ಲಿ ಬಿಳಿ ರಬ್ಬರು, ಎದುರಿಗೆ ಹಿಂತಿರುಗಿದ ಪುಸ್ತಕಗಳ ಗುಪ್ಪೆ.
ಪುಟಪುಟ ತಿರುವಿ ಪೆನ್ಸಿಲ್ಲು ಕಂಡಲ್ಲಿ ಉಜ್ಜುತ್ತಾರೆ,
ಚೂರನ್ನೆಲ್ಲ ಅಂಗೈಗೆ ಬಳಿದು ಬುಟ್ಟಿಗೆ ಕೊಡವುತ್ತಾರೆ.
ಕೆಟ್ಟವರಲ್ಲ. ಮುಂದೆ ಓದುವವರಿಗೆ
ಪುಟ ಚೊಕ್ಕಟವಾಗಿರಲಿ ಎಂದು ಇಪ್ಪತ್ತು ವರ್ಷದಿಂದ ಇದೇ ಕೆಲಸ.
ಇದೊಂದು ಅವರ ಕೈಗೆ ಬಂದೇ ಇಲ್ಲ,
ಯಾರೂ ಒಯ್ಯದ್ದಕ್ಕೆ ಬದುಕಿದೆ.

"ಮುಗೀತಾ ಚಿನ್ನಾ? ಕೊಡು ಇತ್ತ."
"ಇಲ್ಲ, ಇನ್ನೂ ಓದುತ್ತಿದ್ದೇನೆ."

ಪ್ರಬಂಧ ಒಪ್ಪಿಸಿ ಎರಡು ತಿಂಗಳಾಯಿತು.
ಸಂಜೆ ಕೆಲಸಕ್ಕೆ ಹೋಗುವ ಚಿಪ್ಸ್ ಅಂಗಡಿಗೂ
ಚೀಲದಲ್ಲಿ ಅದು ನನ್ನ ಜೊತೆ ಬರುತ್ತದೆ.
ಅಲ್ಲಿ ಮೀನು ರಟ್ಟಿನ ಡಬ್ಬಿಯಲ್ಲಿ ಬರುತ್ತದೆ,
ಮಂಜುಗಟ್ಟಿ, ಎಲ್ಲವೂ ಒಂದೇ ಅಳತೆ, ಎಲ್ಲಿಂದಲೋ.
ಹಸಿರು ರಟ್ಟಿನ ಮೂಲೆಗೆ ನನ್ನ ಹೆಬ್ಬೆರಳಿನ ಎಣ್ಣೆ.

ಚೀಟಿಯಲ್ಲಿ ಮಾರ್ಚ್ ತೊಂಬತ್ತೊಂದರ ಕೆಳಗೆ
ಈಗ ನನ್ನವೇ ಐದು ಮುದ್ರೆ.
ಮುಂದಿನ ಗಡುವು ಇಪ್ಪತ್ತೊಂಬತ್ತನೇ ತಾರೀಖು.