ಕಾಲು ಸುತ್ತು

ಬೆಳಗಾವಿಯ ಕ್ಯಾಂಪಿನಲ್ಲಿ ಕೊಂಡಾಗ ಜಿಟಿಜಿಟಿ ಮಳೆ.
ಆ ತೇವ ಕುಡಿದೇ ಕಲಿತಿತ್ತು ಈ ಕಟ್ಟಿಗೆ, ನೆಟ್ಟಗಿರುವುದನ್ನು.
ವಿಜಯಪುರದ ಆಸ್ಪತ್ರೆಗೆ ನನಗೆ ವರ್ಗವಾಯಿತು,
ಗಿಟಾರೂ ಬಸ್ಸಿನ ಕೊನೆ ಸೀಟಿನಲ್ಲಿ ತೊಡೆಗೆ ಒರಗಿ ಬಂತು.
ಮಾರ್ಚಿಗೆ ಅದರ ಕೊರಳು ಒಣಗಿ
ಹಿಂದಕ್ಕೆ ವಾಲಿತು, ಮಾತು ಬಿಟ್ಟ ನಾದಿನಿಯ ಹಾಗೆ.
ಮೊದಲ ಮೂರು ಮನೆಗಳಲ್ಲಿ ಎಲ್ಲಿ ಬೆರಳಿಟ್ಟರೂ
ಬಾಟಲಿಯೊಳಗೆ ಸಿಕ್ಕ ನೊಣ.

ಗುಮ್ಮಟದಲ್ಲಿ ಒಂದು ಮಾತಿಗೆ ಏಳು ಮಾತು ಬರುತ್ತದಂತೆ.
ನನಗೆ ಒಂದು ಸ್ವರಕ್ಕೆ ಒಂದೂ ಬರುತ್ತಿಲ್ಲ.
ಪಾಸ್ಕ ಹಬ್ಬಕ್ಕೆ ಇನ್ನು ಒಂಬತ್ತು ದಿನ.

ಸ್ಟೇಷನ್ ರೋಡಿನ ದಾವಲಸಾಬ ನದಾಫ
ಸೈಕಲ್ ಗಾಲಿಯ ಬೆಂಡು ತೆಗೆಯುವವನು.
ಹೋದದ್ದು ಬರೀ ಒಂದು ಅಲೆನ್ ಕೀಗೆ, ಐದು ಎಂಎಮ್ಮಿನದು.
"ಯಾವ ಗಾಡೀಗೆ ಬೇಕ್ರಿ ಸಿಸ್ಟರ್?"
ತೋರಿಸಿದೆ. ತಂತಿಗಳ ಅಡಿ, ಸದ್ದಿನ ತೂತಿನೊಳಗೆ,
ಕೊರಳುದ್ದಕ್ಕೂ ಮಲಗಿದ ಸಲಾಕೆ,
ಅದರ ತುದಿಯ ಆರು ಮೂಲೆಯ ಕುಳಿ.

ಒಂದು ಕಣ್ಣು ಮುಚ್ಚಿ ನೋಡಿದ,
ಬಿಸಿಲಿಗೆ ಹಿಡಿದು ಗಾಲಿ ನೋಡುವ ಹಾಗೆ.
ಸ್ಪೋಕು ಮೀಟುವ ಉಗುರಿನಿಂದಲೇ ಆರೂ ತಂತಿ ಮೀಟಿದ.
"ಬಿಗಿಯಬೇಕೇನೋ" ಅಂದೆ.
ವಾರ್ಡಿನಲ್ಲಿ ದಿನವಿಡೀ ನಾನು ಮಾಡುವುದು ಅದನ್ನೇ.
"ಬಿಗದದ್ದಽ ಹೆಚ್ಚಾಗೇತ್ರಿ.
ನಮ್ಮಜ್ಜ ಅರಳಿ ಹಿಂಜತಿದ್ದ,
ಬಿಲ್ಲು ಹೆಗಲಿಗೆ ಹಾಕ್ಕೊಂಡು, ಓಣಿ ಓಣಿ, ಟುಂಯ್ ಟುಂಯ್.
ಕಟ್ಟಿಗಿ ಸೆಟದು ನಿಂತರ
ನರ ಎಲ್ಲಿ ಆಡಬೇಕ್ರಿ?"

ಕಾಲು ಸುತ್ತು, ಎಡಕ್ಕೆ.
ಒಳಗೆಲ್ಲೋ ಟಕ್ ಎಂದಿತು.
ನನ್ನ ಕೈ ತಾನಾಗಿ ಎದೆಗೆ ಹೋಯಿತು.
ಅವನು ಕೀ ಬಿಟ್ಟು ಚಹಾಕ್ಕೆ ಹೇಳಿದ.
"ಕಬ್ಬಿಣಕ್ಕ ಲಗೂನ ತಿಳೀತೈತಿ. ಕಟ್ಟಿಗೀಗೆ ಸ್ವಲ್ಪ ಹೊತ್ತು ಬೇಕು."

ಆ ಹೊತ್ತಿನಲ್ಲಿ ಎರಡು ಪಂಕ್ಚರು, ಒಬ್ಬ ಹುಡುಗನ ಚೈನು,
ಗಾಳಿ ಹೊಡೆಸಿಕೊಂಡು ದುಡ್ಡು ಕೊಡದೆ ಹೋದ ಒಬ್ಬ ಮಾಸ್ತರ.
ಕೈಯ ಗ್ರೀಸು ಒರೆಸಿಕೊಂಡು ಬಂದು ಮತ್ತೆ ಎಡಕ್ಕೆ,
ಈ ಸಲ ಕಾಲಿನಲ್ಲೂ ಅರ್ಧ.

ಅಳೆಯಲು ತೆಳ್ಳಗಿನದೇನಾದರೂ ಬೇಕೆಂದೆ.
ಕ್ಯಾಲೆಂಡರಿನ ಹಿಂದಿನಿಂದ ಲಗ್ನಪತ್ರಿಕೆಯೊಂದನ್ನು ಎಳೆದು
ಮೂಲೆ ಹರಿದುಕೊಟ್ಟ.
ಮೊದಲ ಮೆಟ್ಟಿಲಲ್ಲಿ ನನ್ನ ಬೆರಳು,
ಕೊರಳು ಒಡಲು ಸೇರುವಲ್ಲಿ ಅವನದು,
ನಡುವೆ, ಏಳನೆಯದರ ಮೇಲೆ, ಕಾಗದ ಜಾರಿತು.
ತಂತಿ ಅದನ್ನು ಸವರಿತು, ಹಿಡಿಯಲಿಲ್ಲ.

"ಯಾರ ಲಗ್ನದ್ದು?"
"ನಂದಽ ರೀ. ಮುನ್ನೂರು ಹೊಡಿಸಿದ್ವಿ, ಒಂದು ಉಳದಿತ್ತು."
ಹರಿದ ಮೂಲೆಯ ಕಡೆ ನೋಡಿ,
"ಈಗ ಮುಕ್ಕಾಲು."

ದಪ್ಪ ತಂತಿಯನ್ನು ಮೀಟಿದೆ.
ನೊಣ ಹಾರಿಹೋಗಿತ್ತು.
ಕೇಳಿದ, ಪಾನಾ ಹಿಡಿದ ಕೈ ಹಾಗೇ ಇಟ್ಟುಕೊಂಡು,
ಸದ್ದು ಮುಗಿದ ಮೇಲೂ.
ಅಜ್ಜನದು ಇದಕ್ಕಿಂತ ದಪ್ಪ ಅಂತಿತ್ತು, ಅಂದ.
ಗಿಟಾರಿಗೆ ರೇಟು ಗೊತ್ತಿಲ್ಲವೆಂದು
ಚಹಾದ ದುಡ್ಡನ್ನೂ ತಗೊಳ್ಳಲಿಲ್ಲ.

ಜೂನಿನಲ್ಲಿ ಮೋಡ ಬಂದರೆ ಕಟ್ಟಿಗೆ ಮತ್ತೆ ನೀರು ಕುಡಿಯುತ್ತದೆ,
ಆಗ ಬಲಕ್ಕೆ.
ಕಾಗದದ ಮೂಲೆಯನ್ನು ಗಿಟಾರಿನ ಚೀಲದಲ್ಲೇ ಇಟ್ಟಿದ್ದೇನೆ.
ಹಳದಿ ಬಣ್ಣ, ಕುಂಕುಮದ ಬಣ್ಣದ ಅಕ್ಷರ,
ಹರಿದಲ್ಲಿಗೆ ನಿಂತ ಸಾಲು:
ತಪ್ಪದೆ ಬರ