ಮುನ್ನೂರು ಶಬ್ದ ಮೀರದ್ಹಂಗ

ಪಂಚಾಯ್ತಿ ಗ್ವಾಡಿಗೆ ನೀವು ಹಚ್ಚಿದ ಕಾಗದ
ಓದಿಸಿಕೊಂಡು ಕೇಳೇನಿ.
‘ಹಳೆಯ ಕಟ್ಟಡಗಳ ಸಂರಕ್ಷಣೆ ಕುರಿತು
ಸಂಶೋಧನೆ ಮಾಡಿದವರು, ವಿಚಾರ ಉಳ್ಳವರು
ಮುನ್ನೂರು ಶಬ್ದ ಮೀರದಂತೆ ಬರೆದು ಕಳಿಸತಕ್ಕದ್ದು.’
ಅಂಟು ಹೆಚ್ಚಾಗಿ ಕಾಗದದ ಮೂಲಿ ಸುಕ್ಕಾಗಿತ್ತು.
ಗ್ವಾಡಿ ಹೋದ ವರ್ಷದ್ದು.
ಆಗಲೇ ಸೀಳೇತಿ.

ನಾನು ಮಕ್ತುಮಸಾಬ ಗೌಂಡಿ, ಲಕ್ಕುಂಡಿಯಾಂವ.
ಬರಿಯಾಕಿ ಬಡಿಗೇರ ಮನಿ ಸಿಂಚನಾ, ಒಂಬತ್ತನೇತ್ತ.
‘ಸಂಶೋಧಕರು’ ಅನ್ನೋ ಜಾಗಾದಾಗ ಏನ ಬರೀಲಿ ಅಂತಾಳ.
ಗೌಂಡಿ ಅಂತ ಬರಿ, ಅಂದೆ.
ಅಕಿ ಎರಡೂ ಬರದಾಳ. ಒಂದು ನೀವ ಹೊಡದು ಹಾಕ್ರಿ.

ನಮ್ಮ ಓಣಿ ಹಿಂದ ಒಂದು ಬಾವಿ ಐತಿ,
ನಿಮ್ಮ ಪಟ್ಟಿಯೊಳಗ ಇಲ್ಲ.
ಮೆಟ್ಟಿಲಾ ಇಳದು ಹೋದ್ರ ಎಡಕ್ಕ ಗೂಡು,
ಗೂಡಿನ ಸುತ್ತ ಬಳಪದ ಕಲ್ಲಿನ ಬಳ್ಳಿ,
ಬಳ್ಳಿ ತುದಿಗೆ ಒಂದು ಹಂಸ,
ಹೆಬ್ಬೆರಳಿನಷ್ಟು.
ಕೆತ್ತಿದಾಂವ ಎಲ್ಲಿ ಉಸಿರು ಹಿಡದ, ಎಲ್ಲಿ ಬಿಟ್ಟ,
ಬೆರಳಿಟ್ರ ಗೊತ್ತಾಗತಿತ್ತು.
‘ಗೊತ್ತಾಗತಿತ್ತು.’ ಹಂಗ ಬರಿ ಸಿಂಚನಾ,
‘ಗೊತ್ತಾಗತೈತಿ’ ಅಲ್ಲ.

ಎಂಬತ್ತಾರರ ಬ್ಯಾಸಗಿ.
ಗೂಡಿನ ಸಂದಿಯಿಂದ ನೀರು ಒಸರತಿತ್ತು.
ಊರಾಗ ರೊಕ್ಕ ಕೂಡಿಸಿದ್ರು.
ಗದಗಿನಿಂದ ನಾಕು ಚೀಲ ಸಿಮಿಟು ಬಂತು
ಬಸ್ಸಿನ ಮ್ಯಾಲ ಕುಂತು, ಬೀಗರ ಹಂಗ.
ನಮ್ಮಪ್ಪ ಬ್ಯಾಡ ಅಂದ.
ಸುಣ್ಣಾ ನೆನೀಲಿ, ಬೆಲ್ಲಾ ಕರಗಲಿ,
ಘಾಣಾದಾಗ ಎತ್ತು ನಾಕು ದಿನಾ ತಿರಗಲಿ,
ಕಲ್ಲಿಗೂ ಬೆವರು ಬರತೈತೋ ಮಗನ, ಅಂದ.
ನನಗ ಇಪ್ಪತ್ತೆರಡು. ಎರಡ ದಿನದಾಗ ಮುಗಿಸಿದೆ.
ಸಂದಿ ಬಂದ್. ನೀರು ಬಂದ್.
ಕಟ್ಟಿ ಮ್ಯಾಲ ಕುಂಡ್ರಿಸಿ ನನಗ ಟಾವೆಲ್ಲು ಹೊಚ್ಚಿದ್ರು.
ಅಪ್ಪ ಆ ತೇಪಿ ಮ್ಯಾಲ ಅಂಗೈ ಇಟ್ಟು ನೋಡಿ
ಏನೂ ಅನ್ನದ ಮ್ಯಾಲೇರಿ ಹ್ವಾದ.

ಇಲ್ಲಿಂದ ನನ್ನ ಸಂಶೋಧನೆ ಸುರು.

ಐದು ವರ್ಷ ಏನೂ ಇಲ್ಲ.
ಆಮ್ಯಾಲೆ ಬಳ್ಳಿ ಮ್ಯಾಲ ಬಿಳೇ ಹುಡಿ,
ನಾಲಿಗಿಗೆ ಹಚ್ಚಿದೆ, ಉಪ್ಪು.
ಸಿಮಿಟು ಇವತ್ತಿಗೂ ಅಲ್ಲಾಡಿಲ್ಲ ನೋಡ್ರಿ, ಕಲ್ಲಿನಷ್ಟ ಗಟ್ಟಿ.
ಕಲ್ಲ ಅಲ್ಲಾಡೇತಿ.
ಹೊರಬೀಳಾಕ ಸಂದಿ ಸಿಗದ ನೀರು
ಅದರ ಮೈಯೊಳಗ ಹೊಕ್ಕು ಹಾದಿ ಹುಡುಕೇತಿ.
ಪ್ರತಿ ಮಳಿಗಾಲ ಮುಗದ ಮ್ಯಾಲ ಇಳದು
ದಾರಾ ಹಿಡದು ಅಳೀತಿದ್ದೆ, ಉದರಿದಷ್ಟಕ್ಕ ಒಂದು ಗಂಟು.
ಮದಲ ಎಲಿ ಹ್ವಾದ್ವು. ಆಮ್ಯಾಲೆ ದಂಟು.
ತೊಂಬತ್ತೆಂಟರಾಗ ಹಂಸದ ಕೊಕ್ಕು.
ಮೂವತ್ತೆಂಟು ಮಳಿಗಾಲ, ಮೂವತ್ತೇಳು ಗಂಟು.
ಹೆಂಡತಿ ದವಾಖಾನ್ಯಾಗಿದ್ದ ವರ್ಷ ಇಳೀಲಿಲ್ಲ,
ಸುಳ್ಳು ಗಂಟು ಹಾಕೂದಿಲ್ಲ.

ದಾರಾ ಇದರ ಜೋಡಿ ಕಳಿಸೇನಿ.
ಕಡ್ಡಿಪೆಟ್ಟಿಗಿಯೊಳಗ ಇರೂದು ಹಂಸದ ರೆಕ್ಕಿ,
ಉಸಿರು ಬಿಡದ ತಗೀರಿ.

ಇನ್ನ ವಿಚಾರ ಅಂದ್ರ,
ಕೌದಿ ಹೊಲಿಯೂ ನಮ್ಮವ್ವಗ ಗೊತ್ತಿದ್ದದ್ದ:
ತೇಪಿ ಗಟ್ಟಿ ಇದ್ರ ಹರಿಯೂದು ಅರಿವಿ.
ಕಲ್ಲಿಗಿಂತ ಮದಲ ಸಾಯೂ ಗಾರೆ ಹಾಕ್ರಿ.
ನಾಳೆ ಬರಾಂವ ನಿಮ್ಮ ಕೆಲಸಾ ಕಿತ್ತು ಒಗದ್ರ
ಕಲ್ಲಿಗೆ ನೋವಾಗಬಾರದು.

ಇನ್ನೊಂದು. ನಿಮ್ಮ ಸಭಾದಾಗ
ಉಳಿಸಿದವರು ಮಾತಾಡತಾರ, ಮಾತಾಡ್ಲಿ.
ಕೆಡಿಸಿದವರಿಗೂ ಒಂದು ಖುರ್ಚಿ ಇಡ್ರಿ.
ಯಾವ ಕಲ್ಲು ಯಾವಾಗ ಹ್ವಾತು ಅನ್ನೂ ತಾರೀಖು
ಅವರ ಹಂತ್ಯಾಕ ಇರತೈತಿ.

ಸಿಂಚನಾ ಎಣಿಸ್ಯಾಳ, ಮುನ್ನೂರು ದಾಟೇತಂತ.
ಹಂಸದ ಸುದ್ದಿ ತಗೀಲೇನು ಅಂದ್ಲು.
ಬ್ಯಾಡ, ಟಾವೆಲ್ಲು ತಗಿ, ಅಂದೆ.
ಪೆನ್ನು ಕಚ್ಚಿಕೋತ ಸುಮ್ಮನ ಕುಂತು ಕೇಳಿದ್ಲು,
ಅಜ್ಜಾ, ಅದು ಯಾ ಕಡೆ ಮಾರಿ ಮಾಡಿತ್ತು,
ನೀರಿನ ಕಡೆನೋ, ಮೆಟ್ಟಿಲದ ಕಡೆನೋ?

ಒಂದೊಂದ ಗಂಟು ಮುಟ್ಟಿ ನೋಡಿದೆ.
ಅದನ್ನ ಅಳದಿಲ್ಲ.