ಎರಡು ತಟ್ಟೆ

ಒಂಬತ್ತಾದರೂ ಹೆಲ್ಸಿಂಕಿಗೆ ಬೆಳಕು ಬಂದಿಲ್ಲ.
ಆಸ್ಪತ್ರೆಯಡಿಯ ಸುರಂಗದಲ್ಲಿ
ತಳ್ಳುಗಾಡಿಯ ಗಾಲಿ ಕಿರ್ರೆಂದರೆ
ಸಿರ್ಕಾ ಹುರ್ಮೆ ಕಾಫಿ ಕೆಳಗಿಡುತ್ತಾಳೆ.
ಐಸಿನ ಮೇಲೆ ಶೀಶೆ. ಶೀಶೆಯಲ್ಲಿ
ಮೂರು ತಿಂಗಳ ಕೂಸಿನ ಎದೆಯಿಂದ ತೆಗೆದ
ಥೈಮಸ್ಸಿನ ತುಣುಕು,
ಹೃದಯದ ರಿಪೇರಿಗೆ ಅಡ್ಡ ಬಂದದ್ದು.
ಕೂಸಿನ ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ.
ಚೀಟಿಯಲ್ಲಿ ೪೧೧೭ ಎಂದಿದೆ.

ಜರಡಿಯ ಮೇಲೆ, ಸಿರಿಂಜಿನ ಹಿಡಿಯಿಂದ,
ಗಂಧ ತೇಯುವಷ್ಟು ಮೆಲ್ಲಗೆ.
ಕೆಳಗಿಳಿದ ಮೋಡದಲ್ಲಿ ಹುಡುಕಬೇಕು
ಇನ್ನೂ ಏನೂ ಆಗದವುಗಳನ್ನು:
ಮಜ್ಜೆ ಬಿಟ್ಟು ಬಂದು ಹೊಸ್ತಿಲಲ್ಲೇ ನಿಂತ ಕೋಶಗಳು,
ಸಾವಿರಕ್ಕೆ ಒಂದೂ ಸಿಕ್ಕದ ದಿನವುಂಟು.

ಸಿಕ್ಕವನ್ನು ಎರಡು ತಟ್ಟೆಗೆ ಹಂಚುತ್ತಾಳೆ.
ಎರಡರಲ್ಲೂ ಅದೇ ಸಾರು, ಅದೇ ಮೂವತ್ತೇಳು ಡಿಗ್ರಿ,
ತಳದಲ್ಲಿ ಹಾಸಿದ ಅದೇ ದಾದಿಕೋಶಗಳು.
ಒಂದು ತಟ್ಟೆಯ ದಾದಿಗೆ ಮಾತ್ರ ಮೈತುಂಬ ಕೈ.

ಆ ಕೈಗೆ ಸಿಗುವ ಕೊಂಡಿಯ ಹೆಸರು ನಾಚ್.
ಎಂದಿನದೋ ನೊಣವೊಂದರ
ರೆಕ್ಕೆಯಂಚಿನ ಕಚ್ಚಿನಿಂದ ಬಂದದ್ದು;
ನನ್ನ ಕನ್ನಡದ ಕಿವಿಗೆ ನಾಚಿಕೆಯ ಮೊದಲರ್ಧ.
ನಾಚಿದರೆ ಇಲ್ಲಿ ಕೆಲಸ ಕೆಟ್ಟಿತು.
ದೂರದಿಂದ ಕೂಗಿದರೆ ಕೇಳದು,
ಮೈಗೆ ಮೈ ತಾಗಬೇಕು,
ದಾದಿ ಹಿಡಿದು ಜಗ್ಗಬೇಕು.
ಜಗ್ಗಿದರೆ ಕೊಂಡಿ ಹರಿಯುತ್ತದೆ.
ಒಳಗುಳಿದ ಬಾಲ, ಹರಿದದ್ದೇ ತಡ,
ಓಡುತ್ತದೆ ಕೋಶದ ನಡುಮನೆಗೆ
ತಾನೇ ಓಲೆ, ತಾನೇ ಓಲೆಕಾರ.

ವಾರಗಳು ಕಳೆದು ಆ ತಟ್ಟೆಯಲ್ಲಿ ಟಿ-ಕೋಶಗಳ ಸಂತೆ.
ಕೈಯಿಲ್ಲದ ತಟ್ಟೆಯವು
ಕೆಡಲಿಲ್ಲ. ಬೇರೆಯಾದವು.

‘ಇದು ಸುಲಭದ ಅರ್ಧ’ ಅನ್ನುತ್ತಾಳೆ ಸಿರ್ಕಾ.
ಕಷ್ಟದ್ದು ನಡೆಯುವುದು ಎದೆಯೊಳಗೇ.
ಅಲ್ಲಿ ಗೋಡೆಕೋಶಗಳು
ಇಡೀ ಮೈಯ ಚೂರುಪಾರು ಎತ್ತಿ ತೋರಿಸುತ್ತವೆ,
ಇದು ಯಕೃತ್ತಿನದು, ಇದು ಕಣ್ಣಿನದು, ಇದು ನೀನು.
ಹಿಡಿಯಲಾಗದ್ದು ಸಾಯುತ್ತದೆ.
ಬಿಗಿದಪ್ಪಿದ್ದೂ ಸಾಯುತ್ತದೆ.
ಮುಟ್ಟಿ, ಗುರುತು ಹಿಡಿದು, ಬಿಟ್ಟು ಬಂದವು
ನೂರಕ್ಕೆ ಎರಡೋ ಮೂರೋ
ರಕ್ತದ ಬೀದಿಗಿಳಿಯುತ್ತವೆ.

ತಂಗಿ ಇರ್ಯಾಳ ಗೋಡೆಗಳಿಗೆ ತೋರಿಸಲು ಬರಲಿಲ್ಲ.
ಅಪ್ಪನದೊಂದು ತಪ್ಪಕ್ಷರ, ಅಮ್ಮನದೊಂದು.
ತೋರದೆ ಉಳಿದ ಚೂರುಗಳನ್ನು
ಅವಳದೇ ಕಾವಲು ಪರಕೀಯವೆಂದುಕೊಂಡಿತು.
ಏಳಕ್ಕೆ ಉಗುರು ಹೋದವು, ಒಂಬತ್ತಕ್ಕೆ ಕೊರಳ ಗ್ರಂಥಿ.
ಹದಿಮೂರರಲ್ಲಿ ಸೌನಾದ ಹಲಗೆಯ ಮೇಲೆ ಕೂತು
ಅಂಗೈಯ ಉಪ್ಪು ನೆಕ್ಕುತ್ತಿದ್ದಳು.
ಅಕ್ಕ ನಗುತ್ತಿದ್ದಳು. ಗೊತ್ತಿರಲಿಲ್ಲ.

ಮೂರೂವರೆಗೆ ಮತ್ತೆ ಕತ್ತಲು.
ಸಿರ್ಕಾ ಗವಸು ಕಳಚಿ
ಇನ್‌ಕ್ಯುಬೇಟರಿನ ಬಾಗಿಲಿಗೆ ಅಂಗೈ ಒತ್ತುತ್ತಾಳೆ,
ಬಿಸಿ ಅಳೆಯಲು ಪರದೆಯ ಮೇಲೆ ಅಂಕಿ ಇದ್ದರೂ.
ಮೇಲೆ ಯಾವುದೋ ಮಹಡಿಯಲ್ಲಿ
೪೧೧೭ ಎದ್ದು ಅತ್ತಿರಬಹುದು,
ಯಾರೋ ಎತ್ತಿಕೊಂಡಿರಬಹುದು,
ಹೊಲಿಗೆ ನೋಯದಷ್ಟು ಸಡಿಲ,
ಜಾರದಷ್ಟು ಬಿಗಿ.